ಕುತ್ತಿಗೆ ಮುಟ್ಟಿ ನೋಡ್ರಿ, ಡಾಕ್ಟ್ರೇ

ನಾನು ಮಮತಾ. ಯಲ್ಲದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿದ್ದೇನೆ. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದು ಬಂದಾಗ ಮುಚ್ಚಿಡದೆ ಹೇಳುತ್ತೇನೆ. ಬೈಯುವವರು ಆಮೇಲೆ ಧಾರಾಳವಾಗಿ ಬೈಯಿರಿ.

ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ನಮ್ಮ ಹಿರಿಯೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಒಂಬತ್ತಕ್ಕೇ ಅಂಗಾಲು ಸುಡುತ್ತದೆ. ಅಂಥ ಬಿಸಿಲಲ್ಲಿ ನಾಗಶ್ರೀ ಕುರಿರೊಪ್ಪದ ಮುಂದೆ ಕಂಬಳಿ ಹೊದ್ದು ಕುಳಿತಿದ್ದಳು.

"ಏನವ್ವ ನಾಗಶ್ರೀ, ಜ್ವರ ಬಂದೈತಾ?" ಅಂದೆ.

"ಇಲ್ಲ ಮಮತಕ್ಕ, ಚಳಿ ಕಣಕ್ಕ."

ಆ ದನಿ ಕೇಳಿ ನಾನು ಅವಳ ಪಕ್ಕದಲ್ಲೇ ಕುಳಿತೆ. ನಾಗಶ್ರೀಗೆ ಮೂವತ್ತಮೂರು ವರ್ಷ. ಮದುವೆಯಾಗಿ ಈ ಹಟ್ಟಿಗೆ ಬಂದಾಗ ತವರಿನಿಂದ ಬಳುವಳಿಯಾಗಿ ಆರು ಹೆಣ್ಣುಮರಿ ಹೊಡೆದುಕೊಂಡು ಬಂದವಳು. ಆ ಆರು ಈಗ ನಲವತ್ತಮೂರು ಕುರಿಗಳಾಗಿವೆ. ಸಂಜೆ ದಿಣ್ಣೆಯ ಮೇಲೆ ನಿಂತು ಅವಳು "ಟುರ್ರೋ... ಬಾ ಬಾ..." ಎಂದು ಒಮ್ಮೆ ಕೂಗಿದರೆ ಸಾಕು, ಪಕ್ಕದ ಮಂದೆಯಲ್ಲಿ ಕಲಸಿಹೋದ ಕುರಿಗಳೂ ಬೇರೆಯಾಗಿ ಓಡಿ ಬರುತ್ತಿದ್ದವು. ಈಗ ಅವಳ ದನಿ ಗಂಡಸಿನ ದನಿಯಂತೆ ಒಡೆದುಹೋಗಿತ್ತು. ಮುಖ ಊದಿಕೊಂಡಿತ್ತು. ಜಡೆ ಇಲಿಬಾಲದಷ್ಟಾಗಿತ್ತು.

"ಕೂಗಿದ್ರೆ ಒಂದೂ ತಿರುಗಿ ನೋಡಲ್ಲ ಮಮತಕ್ಕ. ನನ್ನ ಗುರ್ತೇ ಸಿಗಲ್ಲ ಅವುಕ್ಕೆ. ನಾಕು ಹೆಜ್ಜೆ ನಡೆದ್ರೆ ಕಾಲು ಸೋಲ್ತಾವೆ," ಅಂದಳು. ಆಮೇಲೆ ತಲೆ ತಗ್ಗಿಸಿ, "ಇವ್ರು ಕುರೀನೆಲ್ಲ ಮಾರಿಬಿಡ್ತಾರಂತೆ. ತಿಪ್ಪೇಶಣ್ಣಂಗೆ ಬಾ ಅಂತ ಹೇಳೈತೆ," ಅಂದಳು.

ತಿಪ್ಪೇಶ್ ಕುರಿ ವ್ಯಾಪಾರಿ. ಬರುವ ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಬಂದು ಮಂದೆ ನೋಡುತ್ತೇನೆ ಅಂದಿದ್ದನಂತೆ. ಅಮಾವಾಸ್ಯೆಗೆ ಇನ್ನು ಹದಿನಾಲ್ಕು ದಿನ ಮಾತ್ರ ಉಳಿದಿತ್ತು.

ಅವಳ ಗಂಡ ಮಾರುತೇಶ್ ಕೆಟ್ಟವನಲ್ಲ. ಬೇಸತ್ತಿದ್ದ, ಅಷ್ಟೇ. ನಾನು ಒಳಗೆ ಹೋಗಿ ಕೇಳಿದರೆ, ಸೂರಿನ ಸಂದಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ನನ್ನ ಮುಂದೆ ಸುರಿದ. ಎಲ್ಲ ಚೀಟಿಗಳೂ ಸುರುಳಿ ಸುತ್ತಿಕೊಂಡು ಹೊಗೆ ಹಿಡಿದಿದ್ದವು.

"ಎರಡು ವರ್ಷ ಆತು ಮಮತಕ್ಕ. ಮೂರು ಡಾಕ್ಟ್ರು ಕಂಡ್ವಿ. ಒಬ್ರು ರಕ್ತ ನೋಡಿ ಥೈರಾಯ್ಡ್ ಅಂದ್ರು, ಮಾತ್ರೆ ಕೊಟ್ರು. ಇಳೀಲಿಲ್ಲ. ಮಾತ್ರೆ ದೊಡ್ಡದು ಮಾಡಿದ್ರು. ಆಗ್ಲೂ ಇಳೀಲಿಲ್ಲ. ಇನ್ನೊಬ್ರು, ಟೆನ್ಶನ್ ಬಿಡು, ಊಟ ಕಡಿಮೆ ಮಾಡು ಅಂದ್ರು. ಕೊನೀಗೆ ದುರ್ಗದಾಗೆ ಸ್ಪೆಷಲಿಸ್ಟ್ ತಾವ ಹೋದ್ವಿ. ಬೆಳಿಗ್ಗೆ ಟೋಕನ್ ತಗಂಡು ಮಧ್ಯಾಹ್ನ ಮೂರರಗಂಟ ಕುಂತ್ವಿ. ಒಳೀಕೆ ಹೋಗಿ ಬೆಂಚಿನ ಮ್ಯಾಲೆ ಕುಂಡ್ರೋದ್ರಾಗೆ ಚೀಟಿ ಬರೆದು ಕೈಗೆ ಕೊಟ್ರು. ಅವ್ರು ತಲೆ ಎತ್ತಿ ಇವಳ ಮುಖಾನೇ ನೋಡ್ಲಿಲ್ಲ!"

ಮೂಲೆಯಲ್ಲಿ ರಾಗಿ ಹಸನು ಮಾಡುತ್ತಿದ್ದ ಅವನ ತಾಯಿ ಏಕನಾಥಮ್ಮ ಮೊರ ಕುಟ್ಟಿದರು.

"ಕಾಯಿಲೇನೂ ಇಲ್ಲ ಎಂತದೂ ಇಲ್ಲ. ನಮ್ಮ ಕಾಲದಾಗೆ ಎಲ್ಲಿತ್ತು ಥೈರಾಯ್ಡು? ಮಾತ್ರೆ ನುಂಗೀ ನುಂಗೀ ಹಿಂಗಾಗ್ಯಾಳೆ. ನಿಲ್ಲಿಸ್ಲೇ ಅಂದ್ರೆ ಕೇಳಲ್ಲ."

"ಅದೊಂದು ಮಾಡ್ಬ್ಯಾಡ್ರಿ ದೊಡ್ಡವ್ವ. ಡಾಕ್ಟ್ರು ಹೇಳ್ದೆ ಆ ಮಾತ್ರೆ ನಿಲ್ಲಿಸಂಗಿಲ್ಲ," ಅಂದೆ.

"ಹಂಗಾರೆ ಯಾಕೆ ವಾಸಿ ಆಗ್ಲಿಲ್ಲ ಹೇಳು ನೋಡಾಣ!"

ಮುದುಕಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡು ವರ್ಷದಲ್ಲಿ ಅದನ್ನು ಮೂವರು ಡಾಕ್ಟರೂ ಕೇಳಿಕೊಂಡಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಅವತ್ತು ಅಲ್ಲೇ ಚಾಪೆಯ ಮೇಲೆ ಕುಳಿತು ಚೀಟಿಗಳನ್ನೆಲ್ಲ ನೀವಿ, ತಾರೀಖಿನ ಪ್ರಕಾರ ಜೋಡಿಸಿ, ಗರ್ಭಿಣಿಯರ ತಾಯಿಕಾರ್ಡ್ ಇಡುವ ನನ್ನ ಫೈಲೊಂದಕ್ಕೆ ಹಾಕಿದೆ. ಆಮೇಲೆ ನಾಗಶ್ರೀ ಹೇಳಿದಂತೆ ಒಂದು ಹಾಳೆಯಲ್ಲಿ ಬರೆದೆ. ಚಳಿ ಯಾವಾಗಿನಿಂದ, ದನಿ ಯಾವಾಗ ಒಡೆಯಿತು, ಮುಟ್ಟು ಎಷ್ಟು ದಿನ ಹೋಗುತ್ತದೆ, ಮಲಬದ್ಧತೆ ಇದೆಯಾ, ಕೂದಲು, ತೂಕ, ಮರೆವು, ಎಲ್ಲವನ್ನೂ ಬರೆದೆ. ಕೆಳಗೆ ನಾವು ಕೇಳಬೇಕಾದ ಪ್ರಶ್ನೆಗಳು. ಡಾಕ್ಟರ ಮುಂದೆ ಕುಳಿತಾಗ ನಮ್ಮಂಥವರಿಗೆ ಮಾತೇ ಮರೆತುಹೋಗುತ್ತದೆ. ಹಾಳೆ ಕೈಯಲ್ಲಿದ್ದರೆ ಮರೆತರೂ ನಡೆಯುತ್ತದೆ.

"ನಾಡಿದ್ದು ಅದೇ ಸ್ಪೆಷಲಿಸ್ಟ್ ತಾವ ಹೋಗಾಣ," ಅಂದೆ.

"ಮತ್ತೆ ಅವ್ರತ್ರನಾ?" ಮಾರುತೇಶ್ ಮುಖ ಸಿಂಡರಿಸಿದ.

"ಹೊಸಬ್ರತ್ರ ಹೋದ್ರೆ ಮತ್ತೆ ಮೊದ್ಲಿಂದ ಶುರುವಾಗ್ತೈತೆ. ಇವ್ರತ್ರ ಕೇಳಿಯೇ ಬರಾಣ."

ಏಕನಾಥಮ್ಮ ಮೊರ ಬದಿಗಿಟ್ಟರು. "ನಾನೂ ಬರ್ತೀನಿ. ಅದೇನು ನೋಡ್ತಾನೋ ನೋಡೇಬಿಡಾಣ ಆ ಡಾಕ್ಟ್ರು."

ಚಿತ್ರದುರ್ಗದ ಆ ಕ್ಲಿನಿಕ್ಕಿನಲ್ಲಿ ಅವತ್ತೂ ಅಷ್ಟೇ ರಷ್ಷು. ನಮ್ಮ ಸರದಿ ಬಂದಾಗ ಎರಡು ಗಂಟೆ ದಾಟಿತ್ತು. ಡಾಕ್ಟರು ನಡುವಯಸ್ಸಿನವರು, ಕಣ್ಣಲ್ಲಿ ನಿದ್ದೆಗೆಟ್ಟ ಕಳೆ. ರಕ್ತದ ರಿಪೋರ್ಟ್ ಮೇಲೆ ಕಣ್ಣಾಡಿಸಿ, "ಟಿಎಸ್ಎಚ್ ಇನ್ನೂ ಜಾಸ್ತಿನೇ ಇದೆ, ಅಂದ್ರೆ ಥೈರಾಯ್ಡ್ ಇನ್ನೂ ಸಾಲ್ತಿಲ್ಲ. ಡೋಸ್ ಏರಿಸ್ತೀನಿ," ಎಂದು ಪೆನ್ನು ಎತ್ತಿಕೊಂಡರು.

ನಾನು ಹಾಳೆ ಮುಂದೆ ಚಾಚುವಷ್ಟರಲ್ಲಿ ಏಕನಾಥಮ್ಮ ಎದ್ದು ನಿಂತಿದ್ದರು.

"ಒಂದು ಮಾತು ಡಾಕ್ಟ್ರೇ. ನಾವು ಕುರಿ ಕಾಯೋ ಜನ. ಒಂದು ಕುರಿ ಕೊಳ್ಳಾಕೆ ಹೋದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಕಣ್ಣು ರೆಪ್ಪೆ ಎತ್ತಿ ರಕ್ತ ಐತಾ ನೋಡ್ತೀವಿ. ಬೆನ್ನು ಒತ್ತಿ ನೋಡ್ತೀವಿ, ಕೆಚ್ಚಲು ಹಿಡಿದು ನೋಡ್ತೀವಿ. ನನ್ನ ಸೊಸೇನ ಎರಡು ವರ್ಷದಾಗೆ ಒಬ್ರೂ ಮುಟ್ಟಿ ನೋಡ್ಲಿಲ್ಲ. ಕುತ್ಗೆ ಕಾಯಿಲೆ ಅಂತೀರಿ, ಆ ಕುತ್ಗೆ ಒಂದು ಸಲ ಮುಟ್ಟಿ ನೋಡ್ರಿ."

ಬೈದು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕುಂತ್ಕೊಳ್ಳಿ ಅಮ್ಮ. ನೀವು ಹೇಳಿದ್ದು ಸರಿ ಇದೆ," ಅಂದರು.

ಎದ್ದು ಬಂದು ನಾಗಶ್ರೀಯ ಹಿಂದೆ ನಿಂತು ಕುತ್ತಿಗೆಯನ್ನು ಎರಡೂ ಕೈಯ ಬೆರಳಲ್ಲಿ ನಿಧಾನ ಮುಟ್ಟಿದರು. ನೀರು ಗುಟುಕರಿಸು ಎಂದು ಹೇಳಿ ಮತ್ತೆ ಮುಟ್ಟಿದರು. "ಗ್ರಂಥಿ ಸ್ವಲ್ಪ ಊದಿದೆ. ಗಂಟು ಕೈಗೆ ಸಿಗ್ತಿಲ್ಲ. ಅನುಮಾನ ಬೇಡ, ಒಂದು ಸ್ಕ್ಯಾನ್ ಮಾಡಿಸೋಣ," ಅಂದರು. ನನ್ನ ಹಾಳೆಯನ್ನು ಪೂರ್ತಿ ಓದಿದರು. ಟಿಎಸ್ಎಚ್ ಜೊತೆಗೆ ಟಿ4 ಎಂಬ ರಕ್ತಪರೀಕ್ಷೆಯನ್ನೂ ಬರೆದರು. ಮೈಯ ರಕ್ಷಣಾ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯಾ ಎಂದು ತಿಳಿಯಲು ಇನ್ನೊಂದು ರಕ್ತಪರೀಕ್ಷೆ, ರಕ್ತಹೀನತೆಗೆ ಮತ್ತೊಂದು. ಆಮೇಲೆ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು.

"ಮಾತ್ರೆ ಹೇಗೆ ತಗೋತೀಯಮ್ಮ?"

ನಾಗಶ್ರೀ ಬಾಯಿ ತೆರೆಯುವ ಮೊದಲೇ ಏಕನಾಥಮ್ಮ ಹೆಮ್ಮೆಯಿಂದ ಹೇಳಿದರು, "ಮಾತ್ರೆ ಬ್ಯಾಡ ಅಂತಿದ್ರೂ ಹಾಲು ಕೊಡೋದು ನನ್ನ ಕೆಲ್ಸ ಡಾಕ್ಟ್ರೇ. ಬೆಳಿಗ್ಗೆ ಎದ್ದ ತಕ್ಷಣ ಮೇಕೆ ಹಾಲು ಕರೆದು, ಕಾಯ್ಸಿ, ಒಂದು ಚೊಂಬು ತುಂಬ ಕೊಡ್ತೀನಿ. ಅದ್ರಾಗೇ ನುಂಗಾದು. ಬರೀ ನೀರಾಗೆ ಔಷಧಿ ಕೊಡಾಕೆ ನಮ್ಮನೇಲೇನು ಹಾಲಿಗೆ ಬರ ಬಂದೈತಾ?"

ಇದು ನಿಜ. ನಮ್ಮ ಹಟ್ಟಿಯಲ್ಲಿ ಔಷಧವನ್ನು ಹಾಲಿನಲ್ಲೇ ಕೊಡುವುದು. ಬಾಣಂತಿಗೂ ಹಾಗೇ, ಮಗುವಿಗೂ ಹಾಗೇ. ನೀರಲ್ಲಿ ಕೊಟ್ಟರೆ ಪರಕೀಯರಿಗೆ ಕೊಟ್ಟ ಹಾಗೆ ಎಂದು ಹಿರಿಯರ ಭಾವನೆ.

ಡಾಕ್ಟರು ಹಣೆ ಹಿಡಿದುಕೊಂಡರು. "ಬೇರೆ ಮಾತ್ರೆ ಏನಾದ್ರೂ ಜೊತೇಲಿ?"

ಈಗ ನಾಗಶ್ರೀ ಹೇಳಿದಳು. "ರಕ್ತದ ಮಾತ್ರೆ ಸರ್. ಕೆಂಪುಂದು. ಎರಡೂ ಒಟ್ಟಿಗೇ ನುಂಗಿದ್ರೆ ಮರೆಯಲ್ಲ ಅಂತ..." ಎಂದವಳು ನನ್ನ ಮುಖ ನೋಡಿದಳು.

ಹೌದು, ಹಾಗೆ ಹೇಳಿದ್ದು ನಾನೇ. ಕಬ್ಬಿಣಾಂಶದ ಮಾತ್ರೆ ಕೈಗೆ ಕೊಟ್ಟು, ಎರಡನ್ನೂ ಒಟ್ಟಿಗೆ ನುಂಗಿಬಿಡು ಎಂದು ಬುದ್ಧಿ ಹೇಳಿದ ಜಾಣೆ ನಾನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟು ಒಪ್ಪಿಕೊಂಡೆ.

"ನಿಮ್ಮೊಬ್ಬರ ತಪ್ಪಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ಕೇಳದೇನೇ ಡೋಸ್ ಏರಿಸೋಕೆ ಹೊರಟಿದ್ದೆ," ಅಂದರು ಡಾಕ್ಟರು. ಆ ಒಂದು ಮಾತಿಗೆ ನನಗೆ ಅವರ ಮೇಲಿದ್ದ ಅರ್ಧ ಸಿಟ್ಟು ಹೋಯಿತು. ಇನ್ನರ್ಧ ಉಳಿಯಿತು, ಸುಳ್ಳು ಹೇಳುವುದಿಲ್ಲ.

ಅವರು ಬಿಡಿಸಿ ಹೇಳಿದರು. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಹಾಲಿನ ಜೊತೆ, ರಕ್ತದ ಮಾತ್ರೆಯ ಜೊತೆ ಹೋದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಲು, ಟೀ, ತಿಂಡಿ ಎಲ್ಲ ಒಂದು ಗಂಟೆ ಬಿಟ್ಟು. ರಕ್ತದ ಮಾತ್ರೆ, ಸುಣ್ಣದಂಶದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು.

"ಡೋಸ್ ಏರಿಸಲ್ಲ. ಈಗ ಸರಿಯಾಗಿ ಮೈಗೆ ಹತ್ತಿದರೆ ಇದೇ ಜಾಸ್ತಿ ಆಗಬಹುದು. ಎದೆ ಬಡ್ಕೊಂಡ್ರೆ, ಕೈ ನಡುಗಿದ್ರೆ ತಡಮಾಡದೆ ಬನ್ನಿ. ಇಲ್ಲಾಂದ್ರೆ ಆರು ವಾರ ಬಿಟ್ಟು ರಕ್ತ ನೋಡೋಣ."

ಹೊರಗೆ ಬೇವಿನ ಮರದ ಕೆಳಗೆ ಏಕನಾಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ನನ್ನ ಕೈಯಾರ ಕೆಡಿಸಿದ್ನಲ್ಲೇ," ಅಂದರು. ನಾಗಶ್ರೀ ಅವರ ಕೈ ಹಿಡಿದು, "ಹಾಲು ಕೊಟ್ರಿ ಕಣತ್ತೆ, ವಿಷ ಕೊಡ್ಲಿಲ್ಲ," ಅಂದಳು. ಇಬ್ಬರೂ ಅತ್ತರು, ನಾನೂ ಅತ್ತೆ. ಮಾರುತೇಶ್ ಬಸ್ಸು ನೋಡುವ ನೆಪ ಮಾಡಿ ಆಚೆ ಹೋದ.

ಅವನು ತಿರುಗಿ ಬಂದಾಗ ಏಕನಾಥಮ್ಮ ಹೇಳಿದ್ದು ಒಂದೇ ಮಾತು. "ಲೇ ಮಾರುತಿ, ತಿಪ್ಪೇಶಂಗೆ ಫೋನ್ ಮಾಡು. ಬರೋದು ಬ್ಯಾಡ ಅನ್ನು. ಒಂದೂವರೆ ತಿಂಗ್ಳು ಆ ಕುರಿ ನಾನು ಕಾಯ್ತೀನಿ."

ಕಾಯ್ದರು ಕೂಡ. ಅರವತ್ತೆರಡರ ಮುದುಕಿ ಕೋಲು ಹಿಡಿದು ಮಂದೆಯ ಹಿಂದೆ ಹೋಗುವುದನ್ನು ಇಡೀ ಹಟ್ಟಿ ನೋಡಿತು. ಹೊರಡುವ ಮೊದಲು ಸೊಸೆಗೆ ಒಂದು ಲೋಟ ನೀರು, ಒಂದು ಮಾತ್ರೆ. ಹಾಲಿನ ಚೊಂಬನ್ನು ಮುಚ್ಚಿ ಒಲೆಯ ಪಕ್ಕ ಇಟ್ಟು, "ಒಂದು ಗಂಟೆ ಆಗೋತನ್ಕ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಗದರಿ ಹೋಗುತ್ತಿದ್ದರು.

ಸ್ಕ್ಯಾನಿನಲ್ಲಿ ಗಂಟು ಇರಲಿಲ್ಲ. ರಕ್ಷಣಾ ಶಕ್ತಿಯೇ ಗ್ರಂಥಿಗೆ ತೊಂದರೆ ಕೊಡುತ್ತಿರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಮಾತ್ರೆ ಬಹುಶಃ ಜೀವನಪೂರ್ತಿ ಬೇಕು ಅಂದರು ಡಾಕ್ಟರು. ಅದನ್ನು ಕೇಳಿ ನಾಗಶ್ರೀ ಬೇಸರ ಮಾಡಿಕೊಳ್ಳಲಿಲ್ಲ. ತನಗೇನಾಗಿದೆ ಎಂದು ಎರಡು ವರ್ಷದ ಮೇಲೆ ಒಬ್ಬರು ಕೂರಿಸಿ ಹೇಳಿದರಲ್ಲ, ಅದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು. ಮೂರನೇ ವಾರ ಕಂಬಳಿ ಮಡಚಿ ಒಳಗಿಟ್ಟಳು. ಆರು ವಾರದ ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರು ಮಾತ್ರೆಯನ್ನು ಒಂದು ಮೆಟ್ಟಿಲು ಇಳಿಸಿದರು.

ಮೊನ್ನೆ ಸಂಜೆ ನಾನು ಪೋಲಿಯೋ ಪಟ್ಟಿ ಹಿಡಿದು ಹಟ್ಟಿಗೆ ಹೋಗುತ್ತಿದ್ದೆ. ದಿಣ್ಣೆಯ ಮೇಲೆ ನಾಗಶ್ರೀ ನಿಂತಿದ್ದಳು, ಪಕ್ಕದಲ್ಲಿ ಏಕನಾಥಮ್ಮ. ಕೆಳಗೆ ಜಾಲಿ ಮರಗಳ ನಡುವೆ ಅವಳ ಕುರಿಗಳು ಇನ್ಯಾರದೋ ಮಂದೆಯ ಜೊತೆ ಕಲಸಿಹೋಗಿದ್ದವು.

"ಕೂಗ್ಲೇ," ಅಂದರು ಏಕನಾಥಮ್ಮ.

"ಬರ್ತಾವೋ ಇಲ್ವೋ ಅತ್ತೆ."

"ಕೂಗಿ ನೋಡು ಅಂದೆ."

ನಾಗಶ್ರೀ ಕೂಗಿದಳು. "ಟುರ್ರೋ... ಬಾ ಬಾ..." ದನಿ ಪೂರ್ತಿ ಮೊದಲಿನಂತಾಗಿರಲಿಲ್ಲ, ಕೊನೆಯಲ್ಲಿ ಸ್ವಲ್ಪ ಒಡೆಯಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಿಳಿ ಹಣೆಯ ಒಂದು ಮುದಿ ಕುರಿ ತಲೆ ಎತ್ತಿತು. ತವರಿನಿಂದ ಬಂದ ಆರರಲ್ಲಿ ಉಳಿದಿರುವುದು ಅದೊಂದೇ. ಅದು ತಿರುಗಿ ಓಡತೊಡಗಿತು. ಅದರ ಹಿಂದೆ ಎರಡು, ಅವುಗಳ ಹಿಂದೆ ಹತ್ತು, ನೋಡನೋಡುತ್ತಲೇ ನಲವತ್ತಮೂರೂ ದೂಳೆಬ್ಬಿಸಿಕೊಂಡು ದಿಣ್ಣೆ ಹತ್ತಿದವು.

ಇದನ್ನು ಓದಿಸಿಕೊಂಡು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸುಡು ಬಿಸಿಲಲ್ಲಿ ಚಳಿ ಅನ್ನುವವರು, ಕಾರಣವಿಲ್ಲದೆ ಸುಸ್ತು ಅನ್ನುವವರು, ದನಿ ಒಡೆದವರು ಇದ್ದರೆ ಸೋಮಾರಿ ಅನ್ನಬೇಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹಳೇ ಚೀಟಿಗಳನ್ನು ಸೂರಿಗೆ ಸಿಕ್ಕಿಸದೆ ಒಂದು ಫೈಲಿನಲ್ಲಿಟ್ಟು ಜೊತೆಗೆ ಒಯ್ಯಿರಿ, ತೊಂದರೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆ ಹೇಗೆ ನುಂಗುತ್ತೀರಿ ಎಂದು ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಸಮಾಧಾನವಾಗದಿದ್ದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ. ಕೇಳಲು ಧೈರ್ಯ ಸಾಲದಿದ್ದರೆ ನಿಮ್ಮೂರಿನ ಆಶಾ ಅಕ್ಕನನ್ನು ಕರೆದುಕೊಂಡು ಹೋಗಿ. ಜೊತೆಗೆ ಏಕನಾಥಮ್ಮನಂಥ ಒಬ್ಬ ಅತ್ತೆ ಸಿಕ್ಕರಂತೂ ಬಿಡಲೇಬೇಡಿ.