ಎರಡನೇ ಗುಂಡಿ

ಇಪ್ಪತ್ತನಾಲ್ಕನೇ ಏಟಿಗೂ ಹಿಮದ ಕಂಬ ಅಲುಗಲಿಲ್ಲ.

ಲಡೀನಾ ಸಲಿಕೆಯ ಮೇಲಿಂದ ಅಂಗೈ ತೆಗೆದು ಉಸಿರು ಬಿಟ್ಟಳು. ದಿಬ್ಬದ ಮೇಲೆ, ಬಂಡೆಯ ಮಗ್ಗುಲಲ್ಲಿ ಎದೆಯಾಳದ ಗುಂಡಿ ತೋಡಿ, ಅದರ ಗೋಡೆಯಲ್ಲಿ ಕಂಬವೊಂದನ್ನು ಕೊಯ್ದು ಬಿಡಿಸಿ, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು ತಟ್ಟಿದ್ದಳು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಆಮೇಲೆ ಭುಜದಿಂದ. ಮೊಣಕೈಯ ಏಟಿಗೇ ಕಂಬ ಜಾರಿದರೆ ಕೆಳಗಿನ ಇಳಿಜಾರೂ ಮನುಷ್ಯನ ಭಾರಕ್ಕೆ ಕುಸಿಯಬಹುದು. ಇದು ಜಾರಿರಲಿಲ್ಲ.

"ಏನಂತೆ ಡಾಕ್ಟ್ರಮ್ಮ, ನಾಡಿ ಹೆಂಗಿದೆ?" ಎಂದ ಹೈನರ್.

ಎಪ್ಪತ್ತೊಂದರ ಹೈನರ್, ಕೂರ್ ಎಂಬ ಪಟ್ಟಣದಲ್ಲಿ ನಲವತ್ತು ವರ್ಷ ಬೇಕರಿ ನಡೆಸಿದವನು. ಈ ಉತ್ತರದ ಇಳಿಜಾರಿನಲ್ಲಿ ಒಮ್ಮೆ ಸ್ಕೀ ಕಟ್ಟಿ ಇಳಿಯಬೇಕೆಂದು ಬಂದದ್ದು ಇದು ಮೂರನೇ ಚಳಿಗಾಲ. ಹಿಂದಿನ ಎರಡು ಸಲವೂ ಮಾರ್ಗದರ್ಶಿ ಲಡೀನಾಳೇ ಅವನನ್ನು ಇಲ್ಲಿಂದ ಹಿಂದಿರುಗಿಸಿದ್ದಳು. ಏಪ್ರಿಲಿನಲ್ಲಿ ಅವನ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಸ್ಕೀ ಮುಟ್ಟಬಾರದೆಂದು ವೈದ್ಯರು ಹೇಳಿದ್ದರು.

"ಅಲ್ನೋಡು ಮಗಳೆ," ಹೈನರ್ ಕೋಲೆತ್ತಿ ತೋರಿಸಿದ. ಇಳಿಜಾರಿನಲ್ಲಿ ಮೂರು ಹೊಸ ಗೆರೆಗಳು ಬಳುಕುತ್ತ ಕೆಳಗಿಳಿದಿದ್ದವು. "ಬೆಳಿಗ್ಗೆ ಯಾರೋ ಮೂರು ಜನ ಇಳಿದಿದ್ದಾರೆ. ಅವರನ್ನ ಬಿಟ್ಟ ಹಿಮ ನನ್ನ ಬಿಡಲ್ವಾ?"

"ಗೆರೆ ನೋಡಿ ನಂಬಬೇಡಿ. ಅವರ ಅದೃಷ್ಟ ಅಷ್ಟೆ."

"ನಿನ್ನ ಕಂಬನೂ ಗಟ್ಟಿಯಾಗೇ ನಿಂತಿದೆಯಲ್ಲ?"

ನಿಂತೇ ಇತ್ತು. 'ಹೋಗೋಣ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಲಿಕೆ ಎತ್ತಿಕೊಳ್ಳಲು ಬಗ್ಗಿದವಳ ಕಣ್ಣು ಬಂಡೆಯ ಮೇಲೆ ನಿಂತಿತು. ಎರಡು ದಿನದ ಗಾಳಿ ಹಿಮವನ್ನೆಲ್ಲ ಹೊತ್ತು ತಂದು ಬಂಡೆಯಾಚೆ, ಇಳಿಜಾರಿನುದ್ದಕ್ಕೂ ಸುರಿದಿತ್ತು. ಈ ಮರೆಯನ್ನು ಅದು ಮುಟ್ಟಿಯೇ ಇರಲಿಲ್ಲ. ಇಷ್ಟಗಲದ ದಿಬ್ಬದಲ್ಲಿ ತಾನು ಇಲ್ಲೇ ಏಕೆ ತೋಡಿದೆ? ಬೆಳಿಗ್ಗೆ ಹೈನರ್ ಬೂಟಿನ ಪಟ್ಟಿ ಬಿಗಿಯಲು ಬಗ್ಗಲಾರದೆ ಒದ್ದಾಡಿ, ಅವಳು ನೋಡಿದಳೆಂದು ತಿಳಿದು ನಕ್ಕುಬಿಟ್ಟಿದ್ದ. ಅವಳ ಮನಸ್ಸು ಆಗಲೇ ಹೂಂ ಎಂದಿತ್ತು. ಗುಂಡಿ ತೋಡಿದ್ದು ಆಮೇಲೆ.

"ಸ್ವಲ್ಪ ತಡೀರಿ. ಇನ್ನೊಂದು ತೋಡ್ತೀನಿ."

"ಒಂದು ಬಾವಿ ಸಾಲದಾ?"

"ಅದು ನಿಮಗೋಸ್ಕರ ತೋಡಿದ್ದು," ಎಂದಳು.

ಬಂಡೆಯಾಚೆ, ಹದಿಮೂರನೇ ಏಟಿಗೆ ಕಂಬದ ಮೇಲ್ಭಾಗ ಹಲಗೆಯಂತೆ ನುಣ್ಣಗೆ ಜಾರಿ ಅವಳ ಮಡಿಲಿಗೆ ಬಿತ್ತು. ಒಡೆದ ಜಾಗದಲ್ಲಿ ಒಂದಕ್ಕೊಂದು ಅಂಟದ ಉದುರು ಹರಳುಗಳು. ಹೈನರ್ ಕೈಗವಸು ಕಳಚಿ ಬೆರಳಲ್ಲಿ ಉಜ್ಜಿ ನೋಡಿದ.

"ಸಕ್ಕರೆ," ಎಂದ ಕೊನೆಗೆ. "ಇದರ ಮೇಲೆ ಯಾವ ಕೇಕೂ ನಿಲ್ಲಲ್ಲ."

ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಎರಡೂ ಗುಂಡಿಗಳನ್ನು ತಾನೇ ಮುಚ್ಚಿದ.

ಅರ್ಧದಿಂದ ಹಿಂದಿರುಗಿದವರನ್ನು ಏಕೆಂದು ಕೇಳುವುದು ದಾರಿಯಲ್ಲಿ ಮಡ್ಲೈನಾ ನಡೆಸುವ ತಂಗುಮನೆಯಲ್ಲಿ ಪದ್ಧತಿಯಲ್ಲ. "ಬಂದಿದ್ದು ಒಳ್ಳೇದಾಯ್ತು. ಬಾರ್ಲಿ ಗಂಜಿ ಮಿಕ್ಕಿ ಹಾಳಾಗ್ತಿತ್ತು," ಎಂದು ಬಟ್ಟಲಿಟ್ಟಳು. ಒಲೆಯ ಪಕ್ಕದ ಮಣೆಯ ಮೇಲೆ ಈಗಷ್ಟೇ ಹೆರೆದ ಕ್ಯಾರೆಟ್ಟಿನ ಸಿಪ್ಪೆ ಇನ್ನೂ ಒದ್ದೆಯಾಗಿತ್ತು.

ಲಡೀನಾ ಕೂತದ್ದು ಕಿಟಕಿಗೆ ಎದುರಾಗಿ. ದೂರದಲ್ಲಿ, ನೆರಳಿನಲ್ಲಿ ನೀಲಿಯಾಗಿದ್ದ ಇಳಿಜಾರು, ಅದರ ಮೇಲೆ ಮೂರು ಗೆರೆಗಳು. ಎಲ್ಲೂ ಬಿರುಕಿಲ್ಲ. ಅವಳು ಒಂದು ಚಮಚ ಕುಡಿದು ಕಿಟಕಿಯಾಚೆ ನೋಡಿದಳು. ಇನ್ನೊಂದು ಚಮಚ ಎತ್ತಿ ಮತ್ತೆ ನೋಡಿದಳು.

ಹೈನರ್ ಬಟ್ಟಲು ಹಿಡಿದು ಎದ್ದ. ನೋಯುವ ಕಾಲೆಳೆದುಕೊಂಡು ಮೇಜು ಸುತ್ತಿ ಬಂದು ಅವಳ ಎದುರಿನ ಬೆಂಚಿನಲ್ಲಿ ಕೂತ.

"ಬೆನ್ನಿಗೆ ಒಂದಿಷ್ಟು ಬಿಸಿಲು ಬೇಕಿತ್ತು," ಎಂದ.

ನಲವತ್ತು ವರ್ಷ ಹಿಟ್ಟು ನಾದಿದ ಅಗಲವಾದ ಹೆಗಲು ಆ ಸಣ್ಣ ಕಿಟಕಿಯನ್ನು ಪೂರ್ತಿ ತುಂಬಿಕೊಂಡಿತು. ಅದರ ಅಂಚಿನಿಂದಷ್ಟೇ ಬೆಳಕು ಒಳಗೆ ಬರುತ್ತಿತ್ತು.