ಒಂದು ಕಮ್ಮಿಯ ಚೌಕ

ಇಪ್ಪತ್ತು ವರ್ಷ ಟೈಲ್ಸ್ ಕೂರಿಸಿದರೂ ಅವಳಿಗಿದ್ದ ಹೆಸರು ‘ಮೇಸ್ತ್ರಿ ತಂಗಿ’ ಅಷ್ಟೇ. ಅಳತೆಯ ದಾರ ಕಟ್ಟುವವನು ಅಣ್ಣ, ಮೊಣಕಾಲು ಸವೆಸುವವಳು ಇವಳು, ಹೊಗಳಿಕೆಯೆಲ್ಲ ಅಣ್ಣನಿಗೆ. ಈಗ ಮೊದಲ ಸಲ ಒಂದು ಅಂಗಳ ಅವಳೊಬ್ಬಳ ಕೈಗೆ ಬಂದಿತ್ತು. ಬಂದದ್ದಾದರೂ ಎಂಥ ಅಂಗಳ!

ಆ ಮನೆಯ ಅಜ್ಜಿಯ ಗಂಡ ಸಾಯುವ ಮುನ್ನ ಕೈಯಾರೆ ಅಚ್ಚೊತ್ತಿದ ಅಂಗೈಯಗಲದ ಟೈಲುಗಳು ಹತ್ತು ಸಾವಿರದ ನಾನೂರ ಮೂರು ಇದ್ದವು. ಅಚ್ಚು ಒಡೆದುಹೋಗಿತ್ತು, ಇನ್ನೊಂದು ಟೈಲು ಹುಟ್ಟುವ ಹಾಗಿಲ್ಲ. ಅಂಗಳದ ಉದ್ದಗಲ ಎಷ್ಟಾದರೂ ಇರಲಿ, ನಾಲ್ಕು ಮೂಲೆ ನೆಟ್ಟಗಿರಬೇಕು, ಒಂದು ಟೈಲೂ ಒಡೆಯಬಾರದು, ಒಂದೂ ಉಳಿಯಬಾರದು ಎಂದು ಅಜ್ಜಿಯ ಹಟ.

ಅಜ್ಜಿಯ ಅಳಿಯ ಇಂಜಿನಿಯರ್. ಎರಡರಿಂದ ನೂರರವರೆಗೆ ಒಂದೊಂದಾಗಿ ಭಾಗಿಸಿ ನೋಡಿ, ಇದು ಯಾವುದಕ್ಕೂ ಬಗ್ಗುವ ಸಂಖ್ಯೆಯಲ್ಲ, ಮೂರು ಟೈಲು ತೆಗೆದಿಡಿ ಎಂದು ಎದೆ ತಟ್ಟಿ ಹೇಳಿದ. ಅಜ್ಜಿಯ ಕಣ್ಣು ತುಂಬಿತು. ಊಟದ ಹೊತ್ತಿಗೆ ದಾರಿ ಕಾಣದಿದ್ದರೆ ಅಣ್ಣನನ್ನೇ ಕರೆಸುವುದೆಂದು ತೀರ್ಮಾನವಾಯಿತು.

ಅವಳು ಸೀಮೆಸುಣ್ಣ ಹಿಡಿದು ಕೂತಳು. ನೂರಾ ಎರಡರ ಚೌಕಕ್ಕೆ ಬೇಕಾದದ್ದು ಹತ್ತು ಸಾವಿರದ ನಾನೂರ ನಾಲ್ಕು. ಅಯ್ಯೋ, ಒಂದೇ ಒಂದು ಕಮ್ಮಿ! ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವಳ ಬುದ್ಧಿಯೆಲ್ಲ ಇದ್ದದ್ದು ಕೈಯಲ್ಲಿ. ಹದಿನೈದು ಟೈಲು ತಂದು ನಾಲ್ಕು ನಾಲ್ಕರ ಚೌಕ ಜೋಡಿಸಿದಳು. ಒಂದು ಮೂಲೆ ಖಾಲಿ ಉಳಿಯಿತು. ಕೊನೆಯ ಸಾಲಿನ ಮೂರನ್ನು ಎತ್ತಿ ಉಳಿದ ಮೂರು ಸಾಲುಗಳ ತುದಿಗೆ ಒಂದೊಂದಾಗಿ ಇಟ್ಟಳು. ಮೂರು ಸಾಲು, ಸಾಲಿಗೆ ಐದು, ಅಚ್ಚುಕಟ್ಟಾಗಿ ಕೂತವು.

ಅವಳು ಅಜ್ಜಿಯನ್ನೂ ಅಳಿಯನನ್ನೂ ಕರೆದು ತೋರಿಸಿದಳು.

“ದೊಡ್ಡ ಚೌಕದಲ್ಲೂ ಅಷ್ಟೇ ಅಜ್ಜಿ. ಕೊನೇ ಸಾಲಲ್ಲಿ ನೂರಾ ಒಂದೇ ಇರುತ್ತೆ. ಅದನ್ನೆತ್ತಿ ಪಕ್ಕಕ್ಕೆ ಜೋಡಿಸಿದ್ರೆ ನೂರಾ ಒಂದು ಸಾಲು, ಸಾಲಿಗೆ ನೂರಾ ಮೂರು. ಒಂದೂ ಉಳಿಯಲ್ಲ.”

ಅಳಿಯ ಕ್ಯಾಲ್ಕುಲೇಟರ್ ಒತ್ತಿದ, ನಂಬಿಕೆ ಬರದೆ ಮತ್ತೊಮ್ಮೆ ಒತ್ತಿದ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪುಣ್ಯಾತ್ಮ ನೂರಕ್ಕೇ ನಿಲ್ಲಿಸಿದ್ದ!

“ನೂರರ ತನಕ ಬಂದೋರು ಇನ್ನೊಂದು ಹೆಜ್ಜೆ ಹಾಕ್ಬಾರ್ದಿತ್ತೇ ಸ್ವಾಮಿ?” ಎಂದಳು. ಪಾಪ, ಅವನೂ ನಕ್ಕುಬಿಟ್ಟ.

ಹನ್ನೊಂದನೆಯ ದಿನ ಅಜ್ಜಿಯ ಕೈಯಿಂದಲೇ ಕೊನೆಯ ಟೈಲು ಕೂತಿತು. ಅಣ್ಣ ನೋಡಲು ಬಂದ. ನಾಲ್ಕೂ ಅಂಚಿಗೆ ದಾರ ಹಿಡಿದ, ಬಗ್ಗಿ ಕಣ್ಣು ಹಾಯಿಸಿದ, ಒಂದು ಕೂದಲೆಳೆಯಷ್ಟೂ ತಪ್ಪು ಸಿಗಲಿಲ್ಲ. ಇದರ ಲೆಕ್ಕ ಹಾಕಿಕೊಟ್ಟವರು ಯಾರೆಂದು ಅಜ್ಜಿಯನ್ನು ಕೇಳಿದ.

“ಮೇಸ್ತ್ರಿ ಇಲ್ಲೇ ಇದ್ದಾರಲ್ಲಪ್ಪ, ಅವರನ್ನೇ ಕೇಳು.”

ಅಣ್ಣ ತಂಗಿಯ ಕಡೆ ತಿರುಗಿದ. ದಾರವನ್ನೆಲ್ಲ ಉಂಡೆ ಸುತ್ತಿ ಅವಳ ಕೈಯಲ್ಲಿಟ್ಟ.

“ಮುಂದಿನ ಮನೆಗೆ ನೀನೇ ಕಟ್ಟು, ಮೇಸ್ತ್ರಿ.”