ಬಣ್ಣದ ಮೇಸ್ತ್ರಿಯ ಪಪ್ಪಾಯಿ

ಹಣ್ಣಿನ ಮಂಡಿಯಲ್ಲಿ ಅವನನ್ನು ಎಲ್ಲರೂ ಬಣ್ಣದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಲ್ಲಿನ ಹಾಗಿದ್ದ ಹಸಿರು ಪಪ್ಪಾಯಿಗಳ ನಡುವೆ ಹಣ್ಣಾಗಿಸುವ ಕಾರ್ಬೈಡ್ ಪುಡಿಯ ಪೊಟ್ಟಣ ಇಟ್ಟು, ಗೋಣಿ ಹೊದಿಸಿ, ಕೋಣೆಯ ಬಾಗಿಲು ಹಾಕುವುದು ಅವನ ಕೆಲಸ. ಮತ್ತೆ ಬಾಗಿಲು ತೆಗೆಯುವಾಗ ರಾಶಿಯೆಲ್ಲ ಹಳದಿ. ಅವನಿಗೆ ಸಾಟಿ ಇರಲಿಲ್ಲ. ಅದರ ಜಂಬವೂ ಕಮ್ಮಿ ಇರಲಿಲ್ಲ.

ಮಗಳಿಗೆ ಹೊತ್ತಿಳಿದರೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದಾಗ ಆಸ್ಪತ್ರೆಯ ನರ್ಸಮ್ಮ, "ವಿಟಮಿನ್ ಎ ಔಷಧಿ ಮುಗಿದಿದೆ. ಬರೋ ತನಕ ದಿನಾ ಹಳದಿ ಹಣ್ಣು ಕೊಡಿ. ಆಗಾಗ ಬಂದು ವಿಚಾರಿಸ್ತಾ ಇರಿ" ಎಂದಿದ್ದಳು.

ಮೇಸ್ತ್ರಿ ನಕ್ಕುಬಿಟ್ಟ. "ಊರಿಗೆಲ್ಲ ಹಳದಿ ಹಂಚೋನೇ ನಾನು ಕಣಕ್ಕ."

ಅಂದಿನಿಂದ ದಿನವೂ ಒಂದು ಹಣ್ಣು ತಂದ. ಸಂಜೆಯ ಮಬ್ಬಿನಲ್ಲಿ ಅದನ್ನು ಮಗಳ ಮುಖದ ಮುಂದೆ ಹಿಡಿದು, "ಇದ್ಯಾವ ಬಣ್ಣ ಹೇಳು ಪುಟ್ಟಿ" ಎನ್ನುತ್ತಿದ್ದ.

"ಹಳದಿ."

"ನೋಡಿದ್ಯೇನೇ?" ಎಂದು ಹೆಂಡತಿಯತ್ತ ತಿರುಗುತ್ತಿದ್ದ. "ಕಣ್ಣು ಬರ್ತಾ ಇದೆ."

"ಈಗಷ್ಟೇ ಬಿಂದಿಗೆ ಕಾಣದೆ ಎಡವಿ ಬಿದ್ದಳಲ್ರೀ" ಎಂದಳು ಹೆಂಡತಿ. "ನೀವು ತರೋದೂ ಸಪ್ಪೆ ಹಣ್ಣು, ಒಳಗೆಲ್ಲ ಬಿಳಿಚಿಕೊಂಡಿರುತ್ತೆ. ಆಸ್ಪತ್ರೆಗೆ ಹೋಗಿ ಬರೋಣ."

"ನನ್ನ ಹಣ್ಣಿಗೇ ಹೆಸರಿಡ್ತೀಯಾ? ಬಾಯಿ ಮುಚ್ಕೊಂಡಿರು."

ಅವಳು ಮುಚ್ಚಿಕೊಂಡೇ ಇದ್ದಳು. ಮಗುವಿನ ಎರಡೂ ಕಣ್ಣಿನ ಮೇಲೆ ಬಿಳಿ ಕಟ್ಟಿದ ಮೇಲೆಯೇ ಆ ಮಹಾರಾಯನ ಹಠ ಇಳಿದದ್ದು. ಆಸ್ಪತ್ರೆಗೆ ಹೋಗುವಾಗಲೂ ಸಾಕ್ಷಿಗೆಂದು ಒಂದು ಹಣ್ಣು ಹಿಡಿದುಕೊಂಡು ಹೋದ. ನರ್ಸಮ್ಮ ಅದನ್ನು ಕೊಯ್ದು ನೋಡಿದಳು.

"ಇದು ಕಾಯಿ ಕಣಪ್ಪ. ಬಲಿಯೋಕೆ ಮೊದಲೇ ಕಿತ್ತಿದ್ದಾರೆ, ನೀನು ಸಿಪ್ಪೆಗೆ ಬಣ್ಣ ಬರಿಸಿದ್ದೀಯ. ಕಣ್ಣಿಗೆ ಬೇಕಾದ್ದು ಮರದಲ್ಲಿರುವಾಗಲೇ ತಿರುಳಲ್ಲಿ ಕೂಡಬೇಕು, ಕೆಂಪಗೆ. ಔಷಧಿ ಬಂದು ಎಷ್ಟೋ ದಿನ ಆಯ್ತು. ನೀವು ಈ ಕಡೆ ತಲೆನೇ ಹಾಕಲಿಲ್ಲ."

"ಈಗ ಕೊಡಿ ಅಕ್ಕ."

"ಕೊಡ್ತೀನಿ, ಈ ಕೊರತೆ ಜೀವಕ್ಕೂ ಕುತ್ತು, ಅದಾದರೂ ಉಳೀಬೇಕಲ್ಲ. ಹೋದ ಕಣ್ಣು ಬರಲ್ಲ."

ಮರುದಿನ ಮೇಸ್ತ್ರಿ ಮಂಡಿಗೆ ಹೋದ. ಹೋಗದಿದ್ದರೆ ಹೊಟ್ಟೆಗೆ ಏನು ಮಾಡುವುದು? ಹಸಿರು ಕಾಯಿಗಳ ನಡುವೆ ಪೊಟ್ಟಣ ಇಟ್ಟ, ಗೋಣಿ ಹೊದಿಸಿದ, ಬಾಗಿಲು ಹಾಕಿದ.

ಸಂಜೆ ಬರಿಗೈಯಲ್ಲಿ ಬಂದು ಹೊಸಿಲ ಮೇಲೆ ನಿಂತ. ಹೆಂಡತಿ ತಲೆ ಎತ್ತಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಮಗಳು ಅಪ್ಪನ ಹೆಜ್ಜೆಯ ಸದ್ದು ಗುರುತು ಹಿಡಿದು ಅತ್ತ ಮುಖ ತಿರುಗಿಸಿದಳು. ಅವನು ಬಾಯಿ ತೆರೆಯುವ ಮೊದಲೇ, "ಹಳದಿ, ಅಪ್ಪ" ಎಂದಳು.